ರಾಪ್ಟರಿನ ಮುಂದಿನ ಚಕ್ರಕ್ಕೆ ಸ್ಪೇಸರ್ ಹಾಕಬೇಡಿ

ಮರಳಲ್ಲಿ ತಿರುಗಿಸುವಾಗ ನಿಮ್ಮ ರಾಪ್ಟರ್ 700ರ (ಯಮಹಾದವರ ನಾಲ್ಕು ಚಕ್ರದ ಎಟಿವಿ) ಒಳಬದಿಯ ಚಕ್ರ ಮೇಲೇಳುತ್ತದೆ, ಮುಂದೆ ಎರಡೆರಡು ಇಂಚಿನ ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳಲು ಅದರ ಹಿಂದೆ ಕೂರಿಸುವ ಲೋಹದ ಬಿಲ್ಲೆ) ಹಾಕಿ ಅಗಲ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಇಲ್ಲ, ದಯವಿಟ್ಟು ಹಾಕಬೇಡಿ.

ಶಾರ್ಜಾದಲ್ಲಿ ಕೆಲಸದಲ್ಲಿದ್ದಾಗ ನನ್ನದೂ ಇದೇ ಗಾಡಿ. ಚಳಿಗಾಲದ ರಜೆಗಳಲ್ಲಿ ಬಿಸಿಲೇರುವ ಮುಂಚೆ ಹತ್ತಾ ರಸ್ತೆಯ ಅಲ್ ಬದಾಯರ್ ಮರಳು ದಿಬ್ಬಗಳಿಗೆ ಹೋಗುತ್ತಿದ್ದೆವು. ದಿಬ್ಬದ ಮಗ್ಗುಲಲ್ಲಿ ಅಡ್ಡಕ್ಕೆ ಹೋಗುವಾಗ ಈಗ ಮಗುಚುತ್ತದೆ, ಆಗ ಮಗುಚುತ್ತದೆ ಅನ್ನಿಸುತ್ತಿತ್ತು. ಯಮಹಾದವರದೇ ರೇಸ್ ಗಾಡಿ ವೈಎಫ್‌ಜೆಡ್450ಆರ್ ಸುಮಾರು 49 ಇಂಚು ಅಗಲ, ರಾಪ್ಟರ್ 46ರ ಆಸುಪಾಸು. ಆ ಮೂರು ಇಂಚೇ ಎಲ್ಲಕ್ಕೂ ಕಾರಣ ಅಂತ ತಲೆಗೆ ಹೊಕ್ಕಿಬಿಟ್ಟಿತ್ತು. ಮುಂದೆ ಸ್ಪೇಸರ್ ಹಾಕಿಸಿದೆ.

ತಪ್ಪಾಗಿದ್ದು ಅಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಚಕ್ರ ತಿರುಗುವುದು ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್ (ಚಕ್ರ ಹೊರಳಲು ಬಿಡುವ ಗುಂಡು ಕೀಲು) ಸೇರಿಸಿ ಎಳೆದ ಗೆರೆಯ ಸುತ್ತ. ಆ ಗೆರೆಯನ್ನು ನೆಲದ ತನಕ ಎಳೆದರೆ ಅದು ಟೈರಿನ ನಡುವಿಗೆ ಎಷ್ಟು ಹತ್ತಿರ ಬೀಳುತ್ತದೋ, ಹ್ಯಾಂಡಲಿಗೆ ಹೊಡೆತ ಅಷ್ಟು ಕಡಿಮೆ. ಸ್ಪೇಸರ್ ಹಾಕಿದರೆ ಗೆರೆ ಇದ್ದಲ್ಲೇ ಇರುತ್ತದೆ, ಟೈರ್ ಮಾತ್ರ ಹೊರಗೆ ಹೋಗುತ್ತದೆ. ಸ್ಪ್ಯಾನರಿಗೆ ಪೈಪ್ ತೂರಿಸಿ ಉದ್ದ ಮಾಡಿದ ಹಾಗೆ, ಆದರೆ ಆ ಪೈಪಿನ ತುದಿ ಇರುವುದು ನೆಲದ ಕೈಯಲ್ಲಿ. ಬೇಕಾದರೆ ನೋಡಿ: ಸ್ಪೇಸರ್ ಹಾಕಿದ ಗಾಡಿಯನ್ನು ಮೆದು ಮರಳ ಮೇಲೆ ನಿಲ್ಲಿಸಿ, ಹ್ಯಾಂಡಲ್ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಮೊದಲು ಹೆಚ್ಚುಕಡಿಮೆ ಇದ್ದಲ್ಲೇ ಉಜ್ಜಿಕೊಂಡು ತಿರುಗುತ್ತಿದ್ದ ಟೈರು ಈಗ ಮರಳನ್ನು ಹಿಂದೆ ಮುಂದೆ ತಳ್ಳುತ್ತಾ ಬಾಗಿದ ಗೀರು ಬಿಡುತ್ತದೆ. ರಿಮ್ಮಿನ ಆಫ್‌ಸೆಟ್ (ಬೋಲ್ಟ್ ಕೂರುವ ಜಾಗ ರಿಮ್ಮಿನ ನಡುವಿನಿಂದ ಎಷ್ಟು ದೂರ ಅನ್ನುವುದು) ಬದಲಿಸಿ ಅಗಲ ಮಾಡಿದರೂ ಇದೇ ಕಥೆ.

ಆ ದಿಬ್ಬಗಳಲ್ಲಿ ಒಣಹುಲ್ಲಿನ ಬುಡದಲ್ಲಿ ಮರಳು ಗಟ್ಟಿಯಾಗಿ ಕೂತಿರುತ್ತದೆ, ದೂರಕ್ಕೆ ಮೆತ್ತಗೆ ಕಾಣುತ್ತದೆ. ಅಂಥ ಗುಡ್ಡೆಗೆ ಮೊದಲೂ ಎಷ್ಟೋ ಸಲ ಬಡಿದಿದ್ದೆ, ಹ್ಯಾಂಡಲ್ ಒಂಚೂರು ಕುಕ್ಕಿ ಸುಮ್ಮನಾಗುತ್ತಿತ್ತು. ಸ್ಪೇಸರ್ ಹಾಕಿದ ಮೇಲೆ ಎಡಚಕ್ರ ಮಾತ್ರ ಬಡಿಯಿತು ನೋಡಿ, ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಎಡಕ್ಕೆ ಹೊರಳಿತು, ಬಲ ಹೆಬ್ಬೆರಳು ಥ್ರಾಟಲ್ ಮೇಲೇ ಸಿಕ್ಕಿಕೊಂಡು ಗಾಡಿ ಇನ್ನೂ ಜೋರಾಗಿ ನುಗ್ಗಿತು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್, ಸಂಬಳವಿಲ್ಲದ ರಜೆ. ಗಾಡಿ ಬಿಚ್ಚಿದಾಗ ಕೆಳಗಿನ ಬಾಲ್ ಜಾಯಿಂಟ್ ಅಲುಗಾಡುತ್ತಿತ್ತು, ಬೇರಿಂಗ್ ಗರಗರ ಅನ್ನುತ್ತಿತ್ತು.

ನನ್ನ ಪ್ರಕಾರ ನಿಮ್ಮ ತೊಂದರೆ ಅಗಲದ್ದೇ ಅಲ್ಲ. ಕಾಡಿನ ದಾರಿಯ ರೇಸಿಗೆ ಅಂತ 2010ರಲ್ಲಿ ಯಮಹಾದವರೇ ಆ ರೇಸ್ ಗಾಡಿಯ ಇನ್ನೊಂದು ರೂಪ ವೈಎಫ್‌ಜೆಡ್450ಎಕ್ಸ್ ಅನ್ನು 46 ಇಂಚಿಗೆ ಇಳಿಸಿ ತಂದರು, ಅದನ್ನು ಓಡಿಸುವವರು ಮಗುಚಿಕೊಂಡು ಕೂತಿಲ್ಲ. ಲೆಕ್ಕ ಹಾಕಿ. ರಾಪ್ಟರ್ ಪೆಟ್ರೋಲ್ ಸಮೇತ ಸುಮಾರು 190 ಕೆಜಿ. ಹೆಲ್ಮೆಟ್ಟು ಬೂಟು ಸೇರಿ ನೀವು 75 ಅಂದುಕೊಳ್ಳೋಣ. ಒಟ್ಟು ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನೀವೇ, ಅದೂ ಮೇಲೆ ಕೂತಿರುತ್ತೀರಿ. ತಿರುವಿನಲ್ಲಿ ಮೈಯನ್ನು 20 ಸೆಂಟಿಮೀಟರ್ ಒಳಕ್ಕೆ ಸರಿಸಿದರೆ ಒಟ್ಟು ಭಾರದ ಕೇಂದ್ರ ಐದೂವರೆ ಸೆಂಟಿಮೀಟರಿಗಿಂತ ಜಾಸ್ತಿ ಸರಿಯುತ್ತದೆ. ಎರಡು ಇಂಚು ದಾಟಿತು, ಅಲ್ವಾ? ನೀವು ಕೊಳ್ಳಬೇಕೆಂದಿರುವ ಸ್ಪೇಸರಿನಷ್ಟು ಲಾಭ ಸೀಟಿನ ಮೇಲೇ ಇದೆ. ಬರೀ ತಲೆ ವಾಲಿಸಿದರೆ ಆಗಲ್ಲ, ಸೊಂಟ ಸೀಟಿನಿಂದ ಆಚೆ ಬರಬೇಕು, ದಿಬ್ಬದ ಮಗ್ಗುಲಲ್ಲಾದರೆ ಮೇಲಿನ ಬದಿಗೆ.

ಆಮೇಲೆ ಗಾಳಿ. ಈ ಟೈರುಗಳಿಗೆ ಬೇಕಾದದ್ದು ನಾಲ್ಕೈದು ಪಿಎಸ್‌ಐ ಅಷ್ಟೇ. ಪೆಟ್ರೋಲ್ ಬಂಕಿನ ಮೀಟರ್ ಅಷ್ಟು ಕೆಳಗೆ ನಂಬುವ ಹಾಗೆ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆ ಕೊಳ್ಳಿ. ಹತ್ತು ಪಿಎಸ್‌ಐ ತುಂಬಿಕೊಂಡು ಗಾಡಿ ಕುಪ್ಪಳಿಸುತ್ತದೆ ಅನ್ನುವವರು ಬಹಳ ಜನ.

ಇಷ್ಟಾದ ಮೇಲೂ ಅಗಲ ಬೇಕು ಅಂದರೆ ದುಡ್ಡು ಕೂಡಿಸಿ ಉದ್ದದ ಎ-ಆರ್ಮ್ (ಮುಂದಿನ ಚಕ್ರವನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ತೋಳು) ಹಾಕಿಸಿ. ಬಾಲ್ ಜಾಯಿಂಟೂ ಚಕ್ರದ ಜೊತೆ ಹೊರಗೆ ಬರುವುದರಿಂದ ಹ್ಯಾಂಡಲ್ ಕೆಡುವುದಿಲ್ಲ. ಅದರ ಜೊತೆ ಟೈ ರಾಡು (ಹ್ಯಾಂಡಲ್ ತಿರುಗಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳು), ಬ್ರೇಕ್ ಹೋಸು ಉದ್ದದವು ಬೇಕು, ಸ್ಪ್ರಿಂಗೂ ಗಟ್ಟಿಯದು ಬೇಕು. 15 ಇಂಚಿನ ಆರ್ಮ್ 17 ಆಯಿತು ಅನ್ನಿ, ಶಾಕ್ ಕೂರುವ ಜಾಗ ಅಲ್ಲೇ ಇದ್ದರೆ ಚಕ್ರಕ್ಕೆ ಸಿಗುವ ಸ್ಪ್ರಿಂಗಿನ ಬಿಗಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಆರ್ಮ್ ಮಾತ್ರ ತಂದು ಸುಮ್ನೆ ಜೋಡಿಸಬೇಡಿ.

ಹಿಂದೆ ಸ್ಪೇಸರ್ ಪರವಾಗಿಲ್ಲ, ಅಲ್ಲಿ ಹ್ಯಾಂಡಲಿನ ಸಂಬಂಧ ಇಲ್ಲ. ಆದರೆ ಹಿಂದಿನ ಆಕ್ಸಲಿಗೆ ಡಿಫರೆನ್ಶಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇಲ್ಲದ್ದರಿಂದ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ, ಹಿಂದೆ ಮಾತ್ರ ಅಗಲ ಮಾಡಿದರೆ ಗಾಡಿ ತಿರುಗದೆ ನೇರಕ್ಕೆ ನುಗ್ಗುತ್ತದೆ. ಹಾಗಾಗಿ ಮುಂದಿನ ಆರ್ಮ್ ಆದ ಮೇಲೇ ಅದು. ಹಿಂದಿನ ಬೋಲ್ಟ್ ಅಳತೆ 4/115 (ಅಂದರೆ 115 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟ್), ಮುಂದಿನದು 4/144, ತರುವಾಗ ಅದಲುಬದಲು ಆಗದಿರಲಿ. ಮೊದಲ ಸಲ ಓಡಿಸಿ ಬಂದ ಕೂಡಲೇ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿ.

ನಿಮ್ಮ ತೂಕ ಎಷ್ಟು, ಹಿಂದೆ ಪ್ಯಾಡಲ್ ಟೈರ್ (ಮರಳು ತೋಡಿಕೊಂಡು ಹೋಗುವ ಹುಟ್ಟಿನಂಥ ಪಟ್ಟಿಗಳಿರುವ ಟೈರ್) ಇದೆಯಾ ಅಂತ ತಿಳಿಸಿದರೆ ಸ್ಪ್ರಿಂಗ್ ಎಷ್ಟು ಬಿಗಿ ಮಾಡಬಹುದು ಅಂತ ಹೇಳುತ್ತೇನೆ.