ಪ್ರತಿಕ್ರಿಯೆ: ಹಿಂಜರಿತ ಬಂದರೆ ಹೋಂಸ್ಟೇ ಗತಿಯೇನು?

ಆರ್ಥಿಕ ಹಿಂಜರಿತದ ಮಾತು ಕೇಳಿಬರುತ್ತಿರುವಾಗ ಸಕಲೇಶಪುರದ ತೋಟದಲ್ಲಿ ಸಾಲ ಮಾಡಿ ಹೋಂಸ್ಟೇ ಕಟ್ಟಬಹುದೇ ಎಂದು ತಾವು ಕೇಳಿದ್ದೀರಿ. 2008ರ ಜಾಗತಿಕ ಬಿಕ್ಕಟ್ಟಿನ ಅನುಭವ ಇಲ್ಲಿ ಉಪಯುಕ್ತ. 2009ರಲ್ಲಿ ಜಗತ್ತಿನ ಅಂತಾರಾಷ್ಟ್ರೀಯ ಪ್ರವಾಸಿಗರ ಸಂಖ್ಯೆ ಶೇ. 4ರಷ್ಟು ಕುಸಿಯಿತು, ಭಾರತಕ್ಕೆ ಬಂದ ವಿದೇಶಿಯರು ಸುಮಾರು 52.8 ಲಕ್ಷದಿಂದ 51.7 ಲಕ್ಷಕ್ಕೆ ಇಳಿದರು. (ಇದರಲ್ಲಿ ಮುಂಬೈ ದಾಳಿಯ ಭೀತಿಯ ಪಾಲೂ ಇತ್ತೆಂಬುದನ್ನು ಮರೆಯಬಾರದು.) ಆದರೆ ಅದೇ ವರ್ಷ ದೇಶದೊಳಗಿನ ಪ್ರವಾಸ ಕುಗ್ಗಲಿಲ್ಲ, ಬೆಳೆಯಿತು, ಮರುವರ್ಷ ವಿದೇಶಿಯರ ಸಂಖ್ಯೆಯೂ ಹಿಂದಿನ ಮಟ್ಟವನ್ನು ದಾಟಿತು.

ಕೈ ಬಿಗಿಯಾದಾಗ ಜನರು ಪ್ರವಾಸವನ್ನೇ ಬಿಡುವುದಕ್ಕಿಂತ ಅದನ್ನು ಚಿಕ್ಕದಾಗಿಸುವುದೇ ಹೆಚ್ಚು: ವಿಮಾನದ ಬದಲು ಕಾರು, ವಾರದ ಬದಲು ಎರಡು ದಿನ, ದುಬಾರಿ ರೆಸಾರ್ಟಿನ ಬದಲು ಮನೆಯೂಟದ ವಸತಿ. ಬೆಂಗಳೂರಿನಿಂದ ನಾಲ್ಕೈದು ಗಂಟೆಗಳ ಹಾದಿಯಲ್ಲಿರುವ ತಮ್ಮ ಊರಿಗೆ ಇದು ಅನುಕೂಲವೇ. ನನ್ನ ಆತಂಕವಿರುವುದು ಬೇರೆಡೆ. ತಮ್ಮ ಬಹುಪಾಲು ಅತಿಥಿಗಳು ಐ.ಟಿ. ನೌಕರರಾಗಿದ್ದರೆ, ಆ ಒಂದು ವಲಯದಲ್ಲಿ ಉದ್ಯೋಗ ಕಡಿತವಾದೊಡನೆ ವಾರಾಂತ್ಯದ ಕೋಣೆಗಳು ಖಾಲಿ ಉಳಿಯುತ್ತವೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಕಟ್ಟಡಕ್ಕೆ ಕೈಹಾಕುವ ಮೊದಲು, ಇರುವ ಮನೆಯ ಎರಡು ಕೋಣೆಗಳನ್ನು ಸಜ್ಜುಗೊಳಿಸಿ, ಕಾಫಿ ಆದಾಯದ ಜೊತೆಗೆ ಒಂದು ಮಳೆಗಾಲ ನಡೆಸಿ ನೋಡುವುದು ಸೂಕ್ತ.