ವಾಕರ್ ಎಂಬ ಇಂಗ್ಲಿಷ್ ಅಡ್ಡಹೆಸರಿನ ಅರ್ಥ ‘ನಡೆಯುವವನು’ ಎಂದೇ?

ಅಲ್ಲ, ಅದು ಬಟ್ಟೆ ತುಳಿಯುವವನ ಕಸುಬಿನ ಹೆಸರು. ಹಳೆಯ ಇಂಗ್ಲಿಷಿನ ‘ವೆಯಾಲ್ಕೆರೆ’ ಇದರ ಮೂಲ. ಉರುಳಿಸು, ಹೊರಳಿಸು ಎಂಬರ್ಥದ ಕ್ರಿಯಾಪದದಿಂದ ಬಂದದ್ದು.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿ, ಜಿಡ್ಡಾಗಿರುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ, ಹಳಸಿದ ಮೂತ್ರವನ್ನೋ ಜಿಡ್ಡು ಹೀರುವ ಜೇಡಿಯನ್ನೋ (ನಮ್ಮ ಮುಲ್ತಾನಿ ಮಿಟ್ಟಿ ಅದೇ ಜಾತಿಯದು) ಬೆರೆಸಿ ಕಾಲಲ್ಲಿ ತುಳಿಯುತ್ತಿದ್ದರು. ಮೂತ್ರದ ಅಮೋನಿಯ ಜಿಡ್ಡು ತೆಗೆಯುತ್ತದೆ. ತುಳಿತಕ್ಕೆ ಎಳೆಗಳು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಆಮೇಲೆ ಚೌಕಟ್ಟಿನ ಕೊಕ್ಕೆಗಳಿಗೆ ಬಿಗಿದು ಒಣಗಿಸಬೇಕು, ಇಲ್ಲವಾದರೆ ಅಂಕುಡೊಂಕಾಗಿ ಕುಗ್ಗುತ್ತದೆ. 12ನೇ ಶತಮಾನದಿಂದ ನೀರಿನ ಗಿರಣಿಯ ಮರದ ಕೊಡತಿಗಳು ಈ ಕೆಲಸಕ್ಕೆ ಬಂದವು, ಆದರೂ ಹೆಸರು ಉಳಿಯಿತು.

ನನಗೆ ತುಂಬ ಇಷ್ಟವಾಗುವ ಸಂಗತಿ ಇದರ ಭೂಗೋಳ. ಇದೇ ಕಸುಬಿನವರು ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ಡೆವನ್ ಇರುವ ನೈಋತ್ಯದಲ್ಲಿ ಟಕರ್, ಉತ್ತರದಲ್ಲೂ ಮಿಡ್‌ಲ್ಯಾಂಡ್ಸ್ ಎಂಬ ನಡುನಾಡಿನಲ್ಲೂ ವಾಕರ್. ಎಕ್ಸೆಟರ್ ನಗರದಲ್ಲಿ ಇವರ ಸಂಘದ ‘ಟಕರ್ಸ್ ಹಾಲ್’ ಇವತ್ತಿಗೂ ಇದೆ.

ವಂಶಾವಳಿ ಹುಡುಕುವವರು ಎಡವುವುದು ಒಂದು ಕಡೆ: ವಾಕರ್‌ಗಳೆಲ್ಲ ಒಂದೇ ಕುಲದವರಲ್ಲ. ತುಳಿಯುವವರಿದ್ದ ಊರೂರಲ್ಲೂ ಹೆಸರು ಬೇರೆಬೇರೆಯಾಗಿ ಹುಟ್ಟಿತು. ಸ್ಕಾಟ್ಲೆಂಡಿನಲ್ಲಂತೂ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್‌ನ ಅದೇ ಅರ್ಥದ ಹೆಸರನ್ನೂ ವಾಕರ್ ಎಂದು ಬದಲಿಸಿಕೊಂಡವರಿದ್ದಾರೆ. ಹಾಗಾಗಿ ಹೆಸರಿಗಿಂತ ಮೊದಲು ಪ್ಯಾರಿಷ್ (ಸ್ಥಳೀಯ ಚರ್ಚಿನ) ದಾಖಲೆಯಲ್ಲಿ ಊರನ್ನು ಹಿಡಿಯಿರಿ.