ಹಳದಿ ಚಿಟ್ಟೆ, ನೀಲಿ ಬಾನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿಸಿಲಿನಲ್ಲಿ ತೆಗೆದ ಹಳದಿ ಚಿಟ್ಟೆಯ ಚಿತ್ರಗಳಲ್ಲಿ ಫೋಕಸ್ ಸರಿಯಾಗಿಯೇ ಇರುತ್ತದೆ. ಆದರೆ ರೆಕ್ಕೆಯ ನರಗಳಾಗಲಿ ಚುಕ್ಕೆಗಳಾಗಲಿ ಕಾಣದೆ, ಹಳದಿ ಕಾಗದ ಕತ್ತರಿಸಿ ಅಂಟಿಸಿದಂತಿರುತ್ತದೆ. ಏಕೆ?

ಉತ್ತರ: ಬೆಳಕು ಹೆಚ್ಚಾಗಿದೆ. ಕ್ಯಾಮೆರಾದ ಪಾಲಿಗೆ ಹಳದಿ ಎಂದರೆ ಕೆಂಪು, ಹಸಿರು ಚಾನೆಲ್‌ಗಳು ಸೇರಿ ಆದ ಬಣ್ಣ. ನೀಲಿಯ ಪಾಲು ತೀರಾ ಕಡಿಮೆ. ಬಿಸಿಲಲ್ಲಿ ಕೆಂಪು ಬೇಗ ತುಂಬಿಬಿಡುತ್ತದೆ, ಹಿಂದೆಯೇ ಹಸಿರೂ ತುಂಬುತ್ತದೆ. ಎರಡೂ 255 (ಒಂದು ಚಾನೆಲ್‌ನ ಗರಿಷ್ಠ ಮಟ್ಟ) ಮುಟ್ಟಿದ ಮೇಲೆ ನರಕ್ಕೂ ರೆಕ್ಕೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ನೀಲಿ ಖಾಲಿ ಇರುವುದರಿಂದ ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕಿನ ಹಂಚಿಕೆ ತೋರುವ ನಕ್ಷೆ) ಮಾತ್ರ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತದೆ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ತೆರೆದು, ಕೆಂಪು ಗೆರೆ ಬಲಗೋಡೆಗೆ ಒತ್ತಿಕೊಂಡಿದ್ದರೆ ಬೆಳಕನ್ನು ಮೂರನೇ ಒಂದು ಸ್ಟಾಪ್‌ನಂತೆ ಇಳಿಸುತ್ತಾ ಹೋಗಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ).

ಹಿನ್ನೆಲೆ ಕಡುಹಸಿರು ಎಲೆಗಳಾಗಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೆಳಗಿಸಲು ಹೋಗಿ ಚಿಟ್ಟೆಯನ್ನು ಸುಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಲೆಕ್ಕವನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಮೊದಲೇ -2/3 ಸ್ಟಾಪ್‌ಗೆ ಇಡಿ. ಚಿಟ್ಟೆಯೇ ಫ್ರೇಮ್ ತುಂಬಿದ್ದರೆ ಮೀಟರ್ ತಾನೇ ಬೆಳಕನ್ನು ತಗ್ಗಿಸುತ್ತದೆ, ಆಗ ನೀವೂ ಇಳಿಸಿದರೆ ಹಳದಿ ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಗಾಢವಾಗಿಸುವ ‘ವಿವಿಡ್’ ಸೆಟ್ಟಿಂಗ್ ಬೇಡವೇ ಬೇಡ.

ಪ್ರಶ್ನೆ: ನೀಲಿ ಆಕಾಶ ಹಿಂದೆ ಬರುವಂತೆ ತೆಗೆದರೆ ಚಿಟ್ಟೆ ಕಪ್ಪಾಗುತ್ತದೆ. ಚಿಟ್ಟೆಗೆ ಬೆಳಕು ಹೊಂದಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ.

ಉತ್ತರ: ಸೂರ್ಯ ನಿಮ್ಮ ಎದುರಿಗಿದ್ದಾನೆ ಎಂದು ಇದರ ಅರ್ಥ. ಸೂರ್ಯನ ಸುತ್ತಲಿನ ಆಕಾಶ ಎಷ್ಟೇ ಶುಭ್ರವಾಗಿದ್ದರೂ ಬೆಳ್ಳಗಿರುತ್ತದೆ, ಚಿಟ್ಟೆಯ ನಿಮ್ಮ ಕಡೆಯ ಮೈ ನೆರಳಲ್ಲಿರುತ್ತದೆ. ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಿ. ಆ ದಿಕ್ಕಿನ ಆಕಾಶದ ಹೊಳಪು ಹೆಚ್ಚುಕಡಿಮೆ ಮಧ್ಯಮ ಛಾಯೆಯದು. ಬಿಸಿಲು ಬಿದ್ದ ರೆಕ್ಕೆ, ಆಕಾಶ ಎರಡೂ ಒಂದೇ ಎಕ್ಸ್‌ಪೋಷರ್‌ಗೆ ಒಗ್ಗುತ್ತವೆ. ಮ್ಯಾನ್ಯುಯಲ್ ಮೋಡ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಲೆನ್ಸ್‌ನ ಕಿಂಡಿ ಎಫ್/8, ಶಟರ್ 1/1600 ಸೆಕೆಂಡ್‌ನಿಂದ ಶುರುಮಾಡಿ, ಕೆಂಪು ಚಾನೆಲ್ ನೋಡಿ ತಿದ್ದಿಕೊಳ್ಳಿ. ಚಿಟ್ಟೆ ಎಲೆಯಿಂದ ಬಾನಿನ ಕಡೆಗೆ ಸರಿದರೂ ಅದರ ಮೇಲಿನ ಬಿಸಿಲು ಬದಲಾಗುವುದಿಲ್ಲ, ಆದ್ದರಿಂದ ಲೆಕ್ಕವೂ ಬದಲಾಗಬೇಕಿಲ್ಲ. ಮ್ಯಾನ್ಯುಯಲ್‌ನ ದೊಡ್ಡ ಅನುಕೂಲ ಇದೇ.

ಆಕಾಶ ಹಿಂದೆ ಬರಬೇಕಾದರೆ ಕ್ಯಾಮೆರಾ ಹೂವಿಗಿಂತ ಕೆಳಗಿರಬೇಕು. ಗಿಡದ ತುದಿಯ ಹೂವನ್ನು ಆರಿಸಿ, ಕ್ಯಾಮೆರಾದಲ್ಲಿ ಮಡಚುವ ಪರದೆ ಇದ್ದರೆ ಬಳಸಿ. ಸಣ್ಣ ಹಳದಿ ಚಿಟ್ಟೆಗಳು ಸಾಮಾನ್ಯವಾಗಿ ರೆಕ್ಕೆ ಮಡಚಿಯೇ ಕೂರುತ್ತವೆ. ಹಾಗಾಗಿ ಪಕ್ಕದಿಂದ, ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ರೆಕ್ಕೆಗೆ ಸಮಾನಾಂತರವಾಗಿರುವಂತೆ ಹಿಡಿಯಿರಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸೆನ್ಸರ್ ಮೇಲೆ ಬೀಳುವ, ಚಿಟ್ಟೆಯ ಅರ್ಧ ಗಾತ್ರದ ಬಿಂಬಕ್ಕೆ ಎಫ್/8ರಲ್ಲಿ ಸ್ಪಷ್ಟವಾಗಿರುವುದು ಸುಮಾರು 3 ಮಿ.ಮೀ. ಆಳ ಮಾತ್ರ, ಪೂರ್ಣ ಗಾತ್ರಕ್ಕೆ 1 ಮಿ.ಮೀ. ಎಫ್/16ಕ್ಕೆ ಹೋದರೆ ಆಳ ಇಮ್ಮಡಿಯಾಗುತ್ತದೆ ನಿಜ, ಆದರೆ ಪೂರ್ಣ ಗಾತ್ರದಲ್ಲಿ ಅದು ಎಫ್/32ರಂತೆ ವರ್ತಿಸಿ, ವಿವರ್ತನೆಯಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ. ಕೋನ ಸರಿಪಡಿಸುವುದೇ ಮೇಲು.

ಎದುರು ಬಿಸಿಲು ಕೆಟ್ಟದ್ದೇನಲ್ಲ. ತೆಳುರೆಕ್ಕೆಯ ಮೂಲಕ ಹಾದು ಬಂದ ಬೆಳಕಿನಲ್ಲಿ ಹಳದಿ ದೀಪದಂತೆ ಉರಿಯುತ್ತದೆ, ನರಗಳು ಎದ್ದು ಕಾಣುತ್ತವೆ. ಅಂಥ ಚಿತ್ರಕ್ಕೆ ನೀಲಿ ಆಕಾಶದ ಆಸೆ ಬಿಟ್ಟು, ನೆರಳಿನ ಹಿನ್ನೆಲೆ ಹುಡುಕಿ.

ಪ್ರಶ್ನೆ: ಆಕಾಶ ಕಡುನೀಲಿಯಾಗಲು ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್) ಹಾಕಬೇಕೆ?

ಉತ್ತರ: ಬರೀ ಆಕಾಶಕ್ಕಾದರೆ ಹಾಕಿ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಲಂಬವಾಗಿ ಬಿಡಿಸಿ ಕೈ ತಿರುಗಿಸಿ. ಹೆಬ್ಬೆರಳು ತೋರುವ ಕಡೆಯಲ್ಲೆಲ್ಲ ಪರಿಣಾಮ ಗರಿಷ್ಠ. ಸೂರ್ಯನ ದಿಕ್ಕಿನಲ್ಲಿ, ಅದಕ್ಕೆ ನೇರ ವಿರುದ್ಧದಲ್ಲಿ ಏನೂ ಆಗುವುದಿಲ್ಲ. ವೈಡ್ ಲೆನ್ಸ್‌ನಲ್ಲಿ ಆಕಾಶದ ಒಂದು ಭಾಗ ಕಪ್ಪಾಗಿ ಇನ್ನೊಂದು ತೆಳುವಾಗಿ ಪಟ್ಟೆ ಬೀಳುತ್ತದೆ. ಚಿಟ್ಟೆಗೆ ನಮ್ಮ ಸಲಹೆ: ತೆಗೆದಿಡಿ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಎರಡಾದರೆ 1/1600 ಇದ್ದದ್ದು 1/400ಕ್ಕಿಳಿದು, ಗಾಳಿಗೆ ತೂಗುವ ಹೂವಿನ ಮೇಲೆ ಚಿತ್ರ ಅಲುಗುತ್ತದೆ. ಹಾರುವಾಗ ಹಿಡಿಯಲು 1/2500ಕ್ಕಿಂತ ವೇಗ ಬೇಕು.

ಪ್ರಶ್ನೆ: ನೀಲಿ ಆಕಾಶದಲ್ಲಿ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಬೂದು ಚುಕ್ಕೆ.

ಉತ್ತರ: ಸೆನ್ಸರ್ ಮೇಲಿನ ಧೂಳು. ಎಫ್/16ರಲ್ಲಿ ಎದ್ದು ಕಾಣುತ್ತದೆ, ಎಫ್/5.6ರಲ್ಲಿ ಮಾಸುತ್ತದೆ. ಕ್ಯಾಮೆರಾದ ಸೆನ್ಸರ್ ಕ್ಲೀನಿಂಗ್ ಮೋಡ್‌ಗೆ ಹೋಗಿ, ಕ್ಯಾಮೆರಾದ ಲೆನ್ಸ್ ಕೂರುವ ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಒತ್ತಿ ತುಂಬಿದ ಗಾಳಿಯ ಡಬ್ಬಿಯೂ ದ್ರವ ಚಿಮ್ಮಿಸಬಹುದು.

ಪ್ರಶ್ನೆ: ಎಡಿಟ್ ಮಾಡಿದ ಮೇಲೆ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು, ಚಿಟ್ಟೆಯ ಅಂಚಿಗೆ ಬಿಳಿ ಪ್ರಭೆ. ಬಣ್ಣವೂ ಚಿತ್ರದಿಂದ ಚಿತ್ರಕ್ಕೆ ಬೇರೆ.

ಉತ್ತರ: ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತಗಳಷ್ಟೇ. ತೆಳುವಾಗಿ ಬದಲಾಗುವ ನೀಲಿಯನ್ನು ಎಳೆದಾಡಿದರೆ ಹಂತಗಳ ನಡುವೆ ಬಿರುಕು ಬೀಳುತ್ತದೆ. 14 ಬಿಟ್ ರಾ (ಸೆನ್ಸರ್ ಕೊಟ್ಟ ಕಚ್ಚಾ ಮಾಹಿತಿಯ) ಫೈಲ್‌ನಲ್ಲಿ 16,384 ಹಂತಗಳಿವೆ; ಅದರಲ್ಲೇ ತೆಗೆದು, 16 ಬಿಟ್‌ನಲ್ಲೇ ತಿದ್ದಿ, ಜೆಪೆಗ್ ಕೊನೆಗೆ ಮಾಡಿ. ನೀಲಿಯ ಹೊಳಪನ್ನು ತುಂಬಾ ತಗ್ಗಿಸಿದಾಗ ಅಂಚಿನಲ್ಲಿ ನೀಲಿ, ಹಳದಿ ಬೆರೆತ ಪಿಕ್ಸೆಲ್‌ಗಳು ಹಿಂದುಳಿಯುತ್ತವೆ, ಪ್ರಭೆ ಅದರದೇ. ಹದವಾಗಿ ಇಳಿಸಿ, ಶಾರ್ಪನಿಂಗ್‌ಗೆ (ಅಂಚುಗಳನ್ನು ಚುರುಕಾಗಿಸುವುದಕ್ಕೆ) ಮಾಸ್ಕ್ ಹಾಕಿ ಆಕಾಶವನ್ನು ಬಿಟ್ಟುಬಿಡಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿದ್ದರೆ ಫ್ರೇಮ್‌ನಲ್ಲಿ ನೀಲಿ ಹೆಚ್ಚಾದಾಗ ಒಂದು ಬಣ್ಣ, ಹಳದಿ ಹೆಚ್ಚಾದಾಗ ಇನ್ನೊಂದು. ‘ಡೇಲೈಟ್’ಗೆ ಕಟ್ಟಿಹಾಕಿ.

ಪ್ರಶ್ನೆ: ಹತ್ತಿರ ಹೋಗುವಷ್ಟರಲ್ಲಿ ಹಾರಿಹೋಗುತ್ತದೆ.

ಉತ್ತರ: ಚಿಟ್ಟೆ ಹಾರಬೇಕಾದರೆ ಮೈ ಕಾಯಬೇಕು. ಬೆಳಗ್ಗೆ ಬಿಸಿಲು ಬೀಳುತ್ತಿದ್ದಂತೆ ಅವು ಇನ್ನೂ ಜಡವಾಗಿರುತ್ತವೆ, ಆಗ ಹೋಗಿ. ನಿಮ್ಮ ನೆರಳು ಮೇಲೆ ಬಿದ್ದರೆ ಎದ್ದುಬಿಡುತ್ತವೆ. ಬೆನ್ನ ಹಿಂದಿನ ಬಿಸಿಲಿನಲ್ಲಿ ಇದೇ ತೊಡಕು, ಸ್ವಲ್ಪ ಓರೆಯಾಗಿ ಬನ್ನಿ. ತೇವದ ಮಣ್ಣಿನಲ್ಲಿ ಉಪ್ಪಿನಂಶ ಹೀರುತ್ತಾ ಗುಂಪಾಗಿ ಕೂತ ಗಂಡುಗಳು ಬೇಗ ಬೆದರುವುದಿಲ್ಲ. 100 ಮಿ.ಮೀ. ಮ್ಯಾಕ್ರೊ ಲೆನ್ಸ್‌ನಲ್ಲಿ ಪೂರ್ಣ ಗಾತ್ರಕ್ಕೆ ಸುಮಾರು 15 ಸೆಂ.ಮೀ. ಹತ್ತಿರ ಹೋಗಬೇಕಾಗುತ್ತದೆ, ಮೊದಲು ಒಂದು ಮೀಟರ್ ದೂರದಿಂದಲೇ ಒಂದು ಚಿತ್ರ ತೆಗೆದುಕೊಂಡು, ಆಮೇಲೆ ಅಂಗುಲ ಅಂಗುಲವಾಗಿ ಮುಂದೆ ಸರಿಯಿರಿ.